ಬೀದಿ ತುದಿಯ ಹಂಪ್ ಮಹಾಶಯರಿಗೆ, ಒಲೆಯ ಪರವಾಗಿ

ಶ್ರೀಮಾನ್ ರಸ್ತೆ ಉಬ್ಬು ಅವರಿಗೆ,
ಔಷಧಿ ಅಂಗಡಿಯ ಎದುರು, ನಮ್ಮ ಬೀದಿಯ ತುದಿ.

ಮಾನ್ಯರೇ,

ಬಿಸಿಲೆನ್ನದೆ ಮಳೆಯೆನ್ನದೆ, ಹೊಟ್ಟೆಯನ್ನು ಒಂದಿಷ್ಟೂ ಒಳಗೆಳೆದುಕೊಳ್ಳದೆ, ಒಂದೇ ಭಂಗಿಯಲ್ಲಿ ಮಲಗಿ ಸಾರ್ವಜನಿಕ ಸೇವೆ ಮಾಡುತ್ತಿರುವ ತಮಗೆ ಈ ಬೀದಿಯ ಏಳನೇ ಮನೆಯ ಹೊಸ ಸೊಸೆ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದು ಬಲ್ಲೆ. ಇಂದು ಬೆಳಿಗ್ಗೆಯೂ ಸ್ಕೂಟರಿನಲ್ಲಿ ತಮ್ಮನ್ನು ದಾಟುವಾಗ ನನ್ನ ಊಟದ ಡಬ್ಬಿಯ ಮುಚ್ಚಳ ಹಾರಿತು, ಅದರ ಬೆನ್ನಿಗೇ ನನ್ನ ಜೀವವೂ ಹಾರಿತು, ಎರಡೂ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಸಿಕ್ಕವು. ಬೇರೆ ಬೀದಿಗಳಲ್ಲೂ ಉಬ್ಬುಗಳಿವೆ, ಅವುಗಳನ್ನು ನಾನು ಹೀಗಳೆಯುವುದಿಲ್ಲ. ಆದರೆ ಏರಿ, ತುದಿಯಲ್ಲಿ ನಿಂತು, ಸುತ್ತಲಿನ ಮನೆಗಳ ತಾರಸಿಯಲ್ಲಿ ಒಣಹಾಕಿದ ಬಟ್ಟೆಗಳನ್ನೆಲ್ಲ ನೋಡಿ, ಆಮೇಲೆ ಇಳಿಯಬೇಕಾದ ಉಬ್ಬು ಈ ಊರಿನಲ್ಲಿ ತಾವೊಬ್ಬರೇ.

ಇಷ್ಟು ಹೊಗಳಿದ ಮೇಲೆ ದೂರಿನ ವಾಸನೆ ತಮ್ಮ ಮೂಗಿಗೆ ಬಡಿದಿರಬಹುದು. ತಮಗೆ ಮೂಗಿಲ್ಲದಿದ್ದರೆ ಕ್ಷಮಿಸಿ, ವಿಷಯಕ್ಕೆ ಬರುತ್ತೇನೆ.

ನನಗೆ ಮದುವೆಯಾಗಿ ಐದು ತಿಂಗಳಾಯಿತು. 'ನನ್ನ ಗಂಡ' ಎಂದು ಬರೆಯಲು ಸಿಗುವ ಯಾವ ಅವಕಾಶವನ್ನೂ ನಾನು ಬಿಡುವವಳಲ್ಲ, ಆದ್ದರಿಂದ ಬರೆಯುತ್ತೇನೆ: ನನ್ನ ಗಂಡ ಹಲ್ಲಿನ ಸೆಟ್ಟು ತಯಾರಿಸುವವರು. ನನ್ನ ಅಪ್ಪ ನಲವತ್ತೊಂದು ವರ್ಷ ಇಟ್ಟಿಗೆ ಕಟ್ಟಿದ ಗಾರೆ ಮೇಸ್ತ್ರಿ. ಅಪ್ಪ ನಮ್ಮ ಮದುವೆಗೆ ಅಡ್ಡ ಬಂದವರಲ್ಲ. ಆದರೆ ನನ್ನ ಗಂಡ ಅವರ ಮನೆಗೆ ಹೋದರೆ ಕುರ್ಚಿ ಒರೆಸಿ, ಫ್ಯಾನ್ ಹಾಕಿ, ಬಿಸಿಲು ಜಾಸ್ತಿಯಾಯಿತು ಎಂದು ಹೇಳಿ, ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ವಿಮೆ ಏಜೆಂಟರಿಗೂ ಅವರು ಅಷ್ಟೇ ಮರ್ಯಾದೆ ಕೊಡುತ್ತಾರೆ. ನಾನು ಅತಿಯಾಗಿ ಪ್ರೀತಿಸುವ ಈ ಇಬ್ಬರು ಗಂಡಸರು ಒಂದೇ ಒಂದು ಸಲ ಅಕ್ಕಪಕ್ಕ ನಿಂತು ನಕ್ಕರೆ ಸಾಕು, ನನಗೆ ಜೀವನದಲ್ಲಿ ಇನ್ನೇನೂ ಬೇಡ ಎಂಬ ಸ್ಥಿತಿಯಲ್ಲಿ ನಾನಿದ್ದೆ.

ಹೀಗಿರುವಾಗ ನನ್ನ ಗಂಡನಿಗೆ, ಜನರೇಟರ್ ಸಾಗಿಸುತ್ತಿದ್ದ ಹಳೆಯ ಟ್ರೈಲರೊಂದರ ಮೇಲೆ ಸೌದೆ ಉರಿಯ ಪಿಜ್ಜಾ ಒಲೆ ಕಟ್ಟುವ ಹುಚ್ಚು ಹತ್ತಿತು. ಟ್ರೈಲರಿನ ನಾಲ್ಕು ಮೂಲೆಗೂ ಆಸರೆಗೆ ಕಲ್ಲು ಕೊಟ್ಟು, ಮೇಲೆ ಒದ್ದೆ ಮರಳನ್ನು ಗುಡ್ಡೆ ಹಾಕಿ, ಅದಕ್ಕೆ ಹಳೆಯ ಪತ್ರಿಕೆ ಹೊದಿಸಿ, ಅದರ ಸುತ್ತ ಬೆಂಕಿ ತಡೆಯುವ ಇಟ್ಟಿಗೆಗಳನ್ನು ಒಂದೊಂದಾಗಿ ಜೋಡಿಸಿದರು. ಪ್ರತಿ ಇಟ್ಟಿಗೆಯನ್ನೂ ಒಂದು ಕಣ್ಣು ಮುಚ್ಚಿ ನೋಡಿ, ಅರದಿಂದ ಉಜ್ಜಿ, ಪಕ್ಕದ ಇಟ್ಟಿಗೆಗೆ ತಾಗಿಸಿ, ಮತ್ತೆ ಉಜ್ಜುವರು, ಇನ್ನೇನು ಗುಮ್ಮಟಕ್ಕೆ ಕಚ್ಚಿ ನೋಡಲು ಹೇಳುವುದೊಂದು ಬಾಕಿ. ಅಪ್ಪನಿಗೆ ಸುದ್ದಿ ಮುಟ್ಟಿದಾಗ ಅವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಿಮ್ಮ ಯಜಮಾನ್ರು ಹಲ್ಲು ಕಟ್ಟೋರು. ಇಟ್ಟಿಗೆ ಸಹವಾಸ ಅವರಿಗ್ಯಾಕಮ್ಮ?" ನಾನೂ ಅವರದೇ ಮಗಳು. ಅಪ್ಪ ಕೆಲಸದಿಂದ ನಿವೃತ್ತರಾಗುವ ದಿನ ಜೊತೆಗಾರರಿಗೆ ಕೊಡುವ ಊಟ ನಮ್ಮದೇ, ಒಲೆಯನ್ನೇ ನಿಮ್ಮ ಅಂಗಳಕ್ಕೆ ತರುತ್ತೇವೆ ಎಂದು ಅದೇ ಫೋನಿನಲ್ಲಿ ಘೋಷಿಸಿಬಿಟ್ಟೆ. "ತನ್ನಿ ತನ್ನಿ," ಎಂದರು ಅಪ್ಪ, "ಮೂವತ್ತು ಜನ ಮೇಸ್ತ್ರಿಗಳು ಬರ್ತಾರೆ, ಹೆಂಡ್ತಿ ಮಕ್ಕಳ ಸಮೇತ. ಒಂದು ಬಿರುಕು ಕಂಡ್ರೂ ಅವರ ಬಾಯಿಗೆ ನಾನು ಜವಾಬ್ದಾರನಲ್ಲ."

ಒಳಗಿನ ಮರಳನ್ನು ತೋಡಿ ತೆಗೆದ ಹಸಿ ಒಲೆಗೆ ಒಮ್ಮೆಲೇ ಜೋರು ಬೆಂಕಿ ಹಾಕಿದರೆ ಸೀಳುತ್ತದೆ. ಆರು ದಿನ ಸಣ್ಣ ಸಣ್ಣ ಉರಿಯಲ್ಲಿ ಅದರ ತೇವ ಆರಿಸಬೇಕು. ಆ ಜವಾಬ್ದಾರಿ ಹೊತ್ತವರು ನನ್ನ ಅತ್ತೆ. ಮಗುವಿನ ಹಣೆ ಮುಟ್ಟುವಂತೆ ಕೈಯ ಹಿಂಭಾಗದಿಂದ ಗುಮ್ಮಟವನ್ನು ಮುಟ್ಟಿ, "ಇನ್ನೂ ಬೆವರ್ತಾ ಇದೆ ಕಣೇ, ಇವತ್ತು ಎರಡೇ ಕಡ್ಡಿ ಹಾಕು," ಎಂದು ಅವರು ಹೇಳುತ್ತಿದ್ದರೆ ಒಲೆಯೂ ಹೂಂಗುಟ್ಟುತ್ತಿತ್ತು ಎಂದೇ ನನ್ನ ನಂಬಿಕೆ. ಏಳನೇ ದಿನ ಕೆಳಗಿನ ಕಲ್ಲುಗಳನ್ನು ತೆಗೆದೆವು. ತೆಗೆದದ್ದೇ ತಡ, ಗಾಡಿಗೆ ಸಿಕ್ಕಿಸುವ ಟ್ರೈಲರಿನ ಮೂತಿ ಆಕಾಶ ನೋಡಿತು, ಮೂತಿಯನ್ನು ಹಿಡಿದುಕೊಂಡಿದ್ದ ನನ್ನ ಗಂಡನೂ ಅದರ ಜೊತೆಗೇ ಮೇಲೆ ಹೋದರು. ತಿನ್ನುವವರು ಹಿಂದಿನಿಂದ ಬರುತ್ತಾರೆಂದು ಒಲೆಯ ಭಾರವನ್ನೆಲ್ಲ ಚಕ್ರಗಳ ಹಿಂದಕ್ಕೆ ಕಟ್ಟಿಬಿಟ್ಟಿದ್ದೆವು. ಇಟ್ಟಿಗೆಯ ಸಂದು ಕೂದಲೆಳೆಯಷ್ಟು ಸರಿಯಿದೆಯೇ ಎಂದು ನೋಡುವ ಭರದಲ್ಲಿ ಇಡೀ ಒಲೆ ಎಲ್ಲಿದೆ ಎಂದು ನೋಡುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅತ್ತೆಯೂ ನಾನೂ ಓಡಿಹೋಗಿ ಮೂತಿಯ ಮೇಲೆ ಅಕ್ಕಪಕ್ಕ ಕುಳಿತಾಗ ಟ್ರೈಲರೂ ಇಳಿಯಿತು, ನನ್ನ ಗಂಡನೂ ಇಳಿದರು. "ನೀನು ಸ್ವಲ್ಪ ಚೆನ್ನಾಗಿ ತಿನ್ನೇ ತಾಯಿ," ಎಂದರು ಅತ್ತೆ, "ನನ್ನೊಬ್ಬಳ ಕೈಲಿ ಆಗ್ತಿಲ್ಲ." ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಹತ್ತಿರ ಕುಳಿತದ್ದು ಅದೇ ಮೊದಲು.

ಅತ್ತೆಯನ್ನು ಕೂರಿಸಿಕೊಂಡು ಟ್ರೈಲರ್ ಎಳೆಯುವಂತಿಲ್ಲವಾದ್ದರಿಂದ, ಅವರ ಮತ್ತು ನನ್ನ ತೂಕಕ್ಕೆ ಸರಿಯಾಗಿ ಎರಡು ಮೂಟೆ ಹಿಟ್ಟು, ಎರಡು ಕ್ಯಾನ್ ನೀರು, ಒಂದು ಹೊರೆ ಸೌದೆ, ಟೊಮೆಟೊ, ಚೀಸ್ ಎಲ್ಲವನ್ನೂ ಮೂತಿಯ ಬಳಿ ಹೇರಿ, ಪಕ್ಕದ ಮನೆಯವರ ಜೀಪಿಗೆ ಕಟ್ಟಿ, ಭಾನುವಾರ ಬೆಳಿಗ್ಗೆ ತಮ್ಮ ಸನ್ನಿಧಿಗೆ ಬಂದೆವು.

ಮಾನ್ಯರೇ, ಅಂದು ತಾವು ನಮ್ಮನ್ನು ಬರಮಾಡಿಕೊಂಡ ರೀತಿಯನ್ನು ನಾನು ಮರೆಯುವಂತಿಲ್ಲ. ತಮ್ಮ ಎರಡೂ ಬದಿಗೆ ಹಲಗೆ ಇಟ್ಟು ಇಳಿಜಾರು ಮಾಡಿದೆವು, ತಾವು ಒಂದು ಹಲಗೆಯನ್ನು ಮುರಿದಿರಿ. ನನ್ನ ಗಂಡ ಎರಡೂ ಅಂಗೈ ಚಾಚಿ, ಮಗುವಿಗೆ ನಡೆಯಲು ಕಲಿಸುವವರ ಹಾಗೆ ಒಲೆಯ ಹಿಂದೆ ಹಿಂದೆಯೇ ನಡೆದುಬಂದರು, ತಾವು ಕರಗಲಿಲ್ಲ. ಚಕ್ರಗಳು ತಮ್ಮ ನೆತ್ತಿಯಿಂದ ಧೊಪ್ಪೆಂದು ಇಳಿದಾಗ, ಬಿಸ್ಕತ್ತು ಮುರಿದಷ್ಟು ಸಣ್ಣ ಸದ್ದಾಯಿತು. ಒಲೆಯ ಬಾಯಿಂದ ಎಡಗೆನ್ನೆಯವರೆಗೆ ಕೂದಲಿನಂಥ ಒಂದು ಬಿರುಕು. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಮುಂದೆ ಮೂವತ್ತು ಜನ ಮೇಸ್ತ್ರಿಗಳು ಕಾಯುತ್ತಿದ್ದರು, ನಡುವೆ ನನ್ನ ಗಂಡನ ಮುಖ ನೋಡಲಾರದೆ ನಾನು ತಮ್ಮನ್ನೇ ನೋಡುತ್ತಾ ನಿಂತಿದ್ದೆ. ಆಗ ಅವರು ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದರು. ಲೋಹದ ಹಲ್ಲು ಎರಕ ಹೊಯ್ಯುವಾಗ ಬಳಸುವ, ಎಂಥ ಉರಿಗೂ ಜಗ್ಗದ ಬಿಳಿಯ ಪುಡಿಯಂತೆ ಅದು. ಕುಡಿಯುವ ನೀರಿನ ಬಾಟಲಿಯ ಮುಚ್ಚಳದಲ್ಲೇ ಕಲಸಿ, ಉಗುರಿಗಿಂತ ಸಣ್ಣ ಕರಣೆಯಿಂದ, ನಡುರಸ್ತೆಯಲ್ಲಿ ಮಂಡಿಯೂರಿ ಆ ಬಿರುಕನ್ನು ತುಂಬಿದರು. ಬಸ್ಸಿನ ಕಂಡಕ್ಟರು ಇಳಿದುಬಂದು ಬಗ್ಗಿ ನೋಡಿ, "ಸಾರ್, ನನ್ನ ದವಡೆ ಹಲ್ಲೂ ಒಂದು ಅಲ್ಲಾಡ್ತಾ ಇದೆ," ಎಂದರು.

ಅಪ್ಪನ ಅಂಗಳದಲ್ಲಿ ಊಟಕ್ಕೆ ಮೊದಲು ತಪಾಸಣೆ ನಡೆಯಿತು. ಮೂವತ್ತು ಜನ ಮೇಸ್ತ್ರಿಗಳು ಕೈ ಹಿಂದೆ ಕಟ್ಟಿಕೊಂಡು ಒಲೆಯ ಸುತ್ತ ನಡೆದರು. ಒಬ್ಬರು ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳಿದರು, ಇನ್ನೊಬ್ಬರು ಊಟಕ್ಕೆ ಬರುವಾಗಲೂ ಮಟ್ಟ ನೋಡುವ ರಸಮಟ್ಟ ತಂದಿದ್ದರು. ಕೊನೆಗೆ ಅಪ್ಪ ಕನ್ನಡಕ ಏರಿಸಿ, ಆ ಬಿಳಿ ಗೆರೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದು, ಯಾರು ತುಂಬಿದ್ದು ಎಂದು ಕೇಳಿದರು. ನನ್ನ ಗಂಡ ಶಾಲೆಯಲ್ಲಿ ಸಿಕ್ಕಿಬಿದ್ದವರ ಹಾಗೆ, "ನಾನೇ ಮಾವ, ದಾರಿಯಲ್ಲಿ," ಎಂದರು. ಅಪ್ಪ ಮತ್ತೊಮ್ಮೆ ಉಗುರು ಎಳೆದರು, ಎಲ್ಲೂ ತಡೆಯಲಿಲ್ಲ. ಆಮೇಲೆ ಜೊತೆಗಾರರ ಕಡೆ ತಿರುಗಿ, "ನೋಡ್ರಪ್ಪಾ, ನಲವತ್ತು ವರ್ಷ ಕರಣೆ ಹಿಡಿದ್ವಿ, ಇಂಥ ಗೆರೆ ನಮ್ಮಲ್ಲಿ ಯಾರ ಕೈಲಾದ್ರೂ ಬಂದಿತ್ತಾ?" ಎಂದುಬಿಟ್ಟರು. ಅಂದರೆ, ಮಹಾಶಯರೇ, ತಾವು ಒಡೆಯದೇ ಇದ್ದಿದ್ದರೆ ನನ್ನ ಗಂಡನ ಕೈಚಳಕ ಕಾಣುತ್ತಲೇ ಇರಲಿಲ್ಲ. ಈ ಕಾರಣಕ್ಕೆ ತಮಗೆ ಕೃತಜ್ಞಳಾಗಿರಬೇಕಾಗಿ ಬಂದದ್ದೇ ನನ್ನ ದೂರುಗಳಲ್ಲಿ ಮೊದಲನೆಯದು.

ಎರಡನೆಯದು ಇನ್ನೂ ಗಂಭೀರವಾದದ್ದು. ಎಲ್ಲರೂ ತಿಂದರು, ಮತ್ತೆ ಕೇಳಿ ತಿಂದರು, ರಸಮಟ್ಟದವರು ಐದು ತಿಂದರು. ಸಂಜೆ ಹೊರಡಲೆಂದು ನೋಡಿದರೆ, ಮೂತಿಯ ಭಾರಕ್ಕೆಂದು ನಾವು ಹೇರಿದ್ದೆಲ್ಲವೂ ತಿಂದು, ಕುಡಿದು, ಸುಟ್ಟು ಮುಗಿಯುವ ವಸ್ತುವೇ ಎಂಬುದು ಅರಿವಾಯಿತು. ಖಾಲಿ ಟ್ರೈಲರ್ ಮತ್ತೆ ಆಕಾಶ ನೋಡಿತು. "ಈ ಸ್ಥಿತೀಲಿ ಆ ಹಂಪ್ ದಾಟಿಸೋದಾ? ಹುಚ್ಚಾ ನಿನಗೆ? ಇಲ್ಲೇ ಇರ್ಲಿ," ಎಂದು ಅಪ್ಪ ನನ್ನ ಗಂಡನನ್ನು ಗದರಿದರು, "ಭಾನುವಾರ ಬಾ, ಇಬ್ಬರೂ ಸೇರಿ ಚಕ್ರ ಹಿಂದಕ್ಕೆ ಸರಿಸೋಣ." ಇದಾಗಿ ನಾಲ್ಕು ಭಾನುವಾರಗಳಾದವು. ಚಕ್ರ ಒಂದಂಗುಲವೂ ಸರಿದಿಲ್ಲ, ಏಕೆಂದರೆ ಸರಿಸುವ ಮುಂಚೆ ಒಲೆ ಬಿಸಿಯಾಗುತ್ತದೆಯೇ ಎಂದು ಪರೀಕ್ಷಿಸಬೇಕಂತೆ, ಬಿಸಿಯಾದ ಮೇಲೆ ವ್ಯರ್ಥ ಮಾಡಬಾರದಂತೆ. ನನ್ನ ಗಂಡ ಸಂಜೆ ಹೊಗೆಯ ವಾಸನೆ ಹೊತ್ತು, ಮಾವ ಹೇಳಿದ ಜೋಕುಗಳನ್ನು ನೆನೆದು ಒಬ್ಬರೇ ನಗುತ್ತಾ ಬರುತ್ತಾರೆ.

ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಬರುವ ಭಾನುವಾರ ಸಂಜೆ ನಾಲ್ಕರಿಂದ ನಾಲ್ಕೂಕಾಲರವರೆಗೆ ತಾವು ದಯಮಾಡಿ ಮಗ್ಗುಲು ಬದಲಿಸಬೇಕು, ಇಲ್ಲವೇ ದೀರ್ಘವಾಗಿ ಒಮ್ಮೆ ಉಸಿರು ಬಿಡಬೇಕು, ಅದೂ ಆಗದಿದ್ದರೆ ಒಂದು ದಿನದ ರಜೆ ಹಾಕಿ ನೆಂಟರ ಮನೆಗೆ ಹೋಗಿಬರಬೇಕು. ಒಲೆ ಮನೆಗೆ ಬಂದರೆ ನನ್ನ ಗಂಡನೂ ಬರುತ್ತಾರೆ. ನನ್ನ ಹಕ್ಕಿನ ಭಾನುವಾರಗಳನ್ನು ನನಗೆ ಕೊಡಿಸುವ ಶಕ್ತಿ ಈಗ ತಮಗೊಬ್ಬರಿಗೇ ಇದೆ, ಅಪ್ಪನನ್ನಂತೂ ಕೇಳುವಂತಿಲ್ಲ. ನಿನ್ನೆ ಅವರ ಫೋನ್ ಬಂತು, ಖುಷಿಯಿಂದ ಓಡಿ ಎತ್ತಿಕೊಂಡೆ. "ಓ, ನೀನಾ?" ಎಂದರು, ಸ್ವಲ್ಪ ನಿರಾಸೆಯಿಂದಲೇ. "ಅವನಿಗೆ ಕೊಡು."

ಇಂತಿ ತಮ್ಮ ವಿಶ್ವಾಸಿ, ತಮ್ಮ ಮೇಲೆ ದಿನಕ್ಕೆರಡು ಬಾರಿ ಹಾರುವ,
ಏಳನೇ ಮನೆಯ ಸೊಸೆ

ತಾ.ಕ.: ತಮಗೊಬ್ಬ ತಮ್ಮ ಹುಟ್ಟಿದ ಶುಭ ಸಮಾಚಾರ ತಿಳಿಸಲು ಮರೆತೆ. ಕಳೆದ ಭಾನುವಾರ ಮಾವ ಅಳಿಯ ಇಬ್ಬರೂ ಸೇರಿ ಅಪ್ಪನ ಗೇಟಿಗೆ ಅಡ್ಡಲಾಗಿ ಒಂದು ಗೇಣೆತ್ತರದ ಇಟ್ಟಿಗೆ ದಿಬ್ಬ ಕಟ್ಟಿದ್ದಾರೆ. ಮಳೆನೀರು ಒಳಗೆ ನುಗ್ಗಬಾರದೆಂದು ಕಟ್ಟಿದ್ದಂತೆ, ಒಲೆ ಹೊರಗೆ ಹೋಗಬಾರದೆಂದು ಅಲ್ಲವಂತೆ. ಅಂಚು ನೇರ, ಸಂದು ಸಣ್ಣದು, ಮೈಯೆಲ್ಲ ನುಣುಪು. ಬಿಡುವಾದಾಗ ಹೋಗಿ ನೋಡಿಬನ್ನಿ. ಉಬ್ಬು ಎಂದರೆ ಹೇಗಿರಬೇಕು ಎಂಬುದು ತಮಗೂ ತಿಳಿದೀತು.