ಬೇಲಿಯಾಚೆಯ ಸ್ಟ್ರಿಕ್ಟು

ಐಮಂಗಲದ ಸೀಮೆಯ ಗೊಲ್ಲರಹಟ್ಟಿಯೊಂದರಲ್ಲಿ ಕಾಟಯ್ಯ ಅಂತ ಯಜಮಾನನಿದ್ದ. ಕುರಿ ಇದ್ದವು, ಹೊಲವಿತ್ತು, ತಲೆಗಿಂತ ದೊಡ್ಡದೊಂದು ಪೇಟವೂ ಇತ್ತು. ಆದರೆ ಅವೆಲ್ಲಕ್ಕಿಂತ ಅವನು ಜೋಪಾನ ಮಾಡಿದ್ದು ಒಂದು ಇಂಗ್ಲಿಷ್ ಮಾತನ್ನು. ಎಲೆಕ್ಷನ್ ಕೆಲಸಕ್ಕೆ ಬಂದ ಸಾಹೇಬರೊಬ್ಬರಿಗೆ ಹಟ್ಟಿಯ ಮುಳ್ಳುಬೇಲಿಯ ಬಾಗಿಲಲ್ಲೇ ಬೂಟು ಬಿಡಿ ಅಂದಿದ್ದ. ಅವರು ಬಗ್ಗಿ ದಾರ ಬಿಚ್ಚುತ್ತ, "ಯಜಮಾನ್ರು ಬಾಳ ಸ್ಟ್ರಿಕ್ಟು" ಅಂದರು. ಸಾಹೇಬರು ಹೋದರು, ಮಾತು ಮಾತ್ರ ಕಾಟಯ್ಯನ ಮೀಸೆಯ ಮೇಲೆ ಕೂತುಬಿಟ್ಟಿತು.

ಅಂದಿನಿಂದ ಅವನ ಲೋಕವೆಲ್ಲ ಎರಡೇ ಭಾಗ. ಮುದ್ದೆ ಗಟ್ಟಿಯಾಗಿದ್ದರೆ ಸ್ಟ್ರಿಕ್ಟು, ಮೆತ್ತಗಿದ್ದರೆ ಇಲ್ಲ. ಟಗರು ಅಡ್ಡದಾರಿ ಹಿಡಿಯದೆ ಬಂದರೆ ಸ್ಟ್ರಿಕ್ಟು, ಅಳಿಯ ಹೇಳಿದ ಹೊತ್ತಿಗೆ ಬಾರದಿದ್ದರೆ ಇಲ್ಲ. (ಹೆಂಡತಿ ನಾಗಕ್ಕನಿಗೆ ಮಾತ್ರ ಆ ಬಿರುದು ಸಲ್ಲಲಿಲ್ಲ. ತನ್ನದು ಸ್ಟ್ರಿಕ್ಟು, ಆಕೆಯದು ಬರೀ ಹಟ ಎಂಬುದು ಯಜಮಾನರ ಘನ ಅಭಿಪ್ರಾಯ.)

ಆ ಹಟ್ಟಿಗೆ ಹಿರಿಯರಿಂದ ಬಂದ ಕಟ್ಟೊಂದಿತ್ತು: ಬೇಲಿಯೊಳಗೆ ಕೋಳಿ ಬರಬಾರದು, ಮೊಟ್ಟೆಯೂ ಬರಬಾರದು. ಪೇಟೆಗೆ ಹೋದವರು ಹೋಟ್ಲಲ್ಲಿ ಏನು ತಿಂದರೋ ಕೇಳಿದವರಿಲ್ಲ. ಆದರೆ ಬೇಲಿ ಬೇಲಿಯೇ. ಅದನ್ನು ಕಾಯುವ ಕೆಲಸ ಕಾಟಯ್ಯನದು.

ಹೀಗಿರುವಾಗ ಸೊಸೆ ಚಿತ್ತಮ್ಮ ಬಸುರಿಯಾದಳು. ತಾಯಿಯಿಲ್ಲದ ಹುಡುಗಿ. ಹೆತ್ತ ಮಗಳಿಗಿಂತ ಹೆಚ್ಚು ಅಂತ ಕಾಟಯ್ಯ ಅವಳನ್ನು ನೋಡಿಕೊಂಡಿದ್ದ. ಆದರೆ ಹಾಲು ಕುಡಿದರೆ ವಾಂತಿ, ಬಾಡಿನ ವಾಸನೆಗೇ ವಾಕರಿಕೆ. ಹುಡುಗಿ ದಿನದಿನಕ್ಕೆ ಬಿಳಿಚಿಕೊಂಡಳು. ಹಿರಿಯೂರಿನ ಡಾಕ್ಟ್ರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, ಗುಳಿಗೆ ಬರೆದು, "ರಕ್ತಾನೇ ಇಲ್ವಲ್ರಿ. ಹೆರಿಗೇಲಿ ತಾಯಿಗೂ ಕಷ್ಟ, ಮಗೀಗೂ ಕಷ್ಟ. ಇದ್ರ ಜೊತೆಗೆ ದಿನಾ ಬೇಯಿಸಿದ ಮೊಟ್ಟೆ ಕೊಡ್ರಿ. ಸ್ಟ್ರಿಕ್ಟಾಗಿ ಹೇಳ್ತಿದೀನಿ" ಅಂದರು.

ಕಾಟಯ್ಯನ ಎದೆಯೊಳಗೆ ಎರಡು ಸ್ಟ್ರಿಕ್ಟುಗಳು ಟಗರುಗಳ ಹಾಗೆ ಢೀ ಕೊಟ್ಟುಕೊಂಡವು.

ಬಸ್ಸಿಳಿದವನು ನೇರ ಐಮಂಗಲದ ಶಿವಕುಮಾರಪ್ಪ ಮೇಷ್ಟ್ರ ಮನೆಯ ಜಗಲಿಗೆ ನಡೆದ. ನಾಗಕ್ಕ, ಚಿತ್ತಮ್ಮ ಹಿಂದೆಯೇ ಬಂದು ಕೂತರು.

"ಮೇಷ್ಟ್ರೇ, ಸ್ಟ್ರಿಕ್ಟು ಅಂದ್ರೆ ಪೂರಾ ಅರ್ಥ ಏನ್ರಿ?"

"ಜಾಗ ನೋಡ್ಕೊಂಡು ಹೇಳ್ಬೇಕು ಕಾಟಯ್ಯ. ಮೇಷ್ಟ್ರು ಸ್ಟ್ರಿಕ್ಟು ಅಂದ್ರೆ ಹೆದರಿಸ್ತಾರೆ ಅಂತ. ಪಥ್ಯ ಸ್ಟ್ರಿಕ್ಟು ಅಂದ್ರೆ ಒಂದಿನಾನೂ ತಪ್ಪಂಗಿಲ್ಲ ಅಂತ. ಸ್ಟ್ರಿಕ್ಟಾಗಿ ಗುಟ್ಟು ಅಂದ್ರೆ ಯಾರಿಗೂ ಹೇಳಂಗಿಲ್ಲ ಅಂತ."

"ಬಗ್ಗೋದು ಅಂತ ಎಲ್ಲಾದ್ರೂ ಐತೇನ್ರಿ ಅದ್ರಾಗೆ?"

ಮೇಷ್ಟ್ರು ತಲೆ ಕೆರೆದುಕೊಂಡರು. "ಇಲ್ಲಪ್ಪ. ಹುಡುಕಿದ್ರೂ ಸಿಗಲ್ಲ."

ಕಾಟಯ್ಯನ ಕೈ ಮೀಸೆಗೆ ಹೋಯಿತು. ಇಷ್ಟು ವರ್ಷ ಮೀಸೆಯ ಮೇಲೆ ಹೊತ್ತು ತಿರುಗಿದ ಮಾತಿನಲ್ಲಿ ಒಬ್ಬ ಬಸುರಿ ಹೆಂಗಸು ಕೂರುವಷ್ಟು ಜಾಗವೂ ಇಲ್ಲವಲ್ಲ ಅನ್ನಿಸಿತು. ಕಂಬಕ್ಕೊರಗಿ ಕೂತಿದ್ದ ಚಿತ್ತಮ್ಮ, "ಬ್ಯಾಡ ಬಿಡ್ರಿ ಮಾವ, ನಂಗೇನಾಗಲ್ಲ" ಅಂದಳು. ಅದನ್ನು ಕೇಳಿ ಅವನಿಗೆ ಇನ್ನಷ್ಟು ಸಂಕಟವಾಯಿತು.

ನಾಗಕ್ಕ ಬಾಯಿಯ ಎಲೆಅಡಿಕೆ ಉಗುಳಿ ಬಂದಳು. "ಮೊಟ್ಟೆ ಒಳಗೆ ಬರಬಾರ್ದು ಅಷ್ಟೇ ತಾನೇ? ಹುಡುಗಿ ಹೊರಗೆ ಹೋಗಬಾರ್ದು ಅಂತ ಯಾರಂದವ್ರೆ? ಬೇಲಿ ಆಚೆ ಹೊಂಗೆ ಮರ ಐತೆ. ಅಲ್ಲೇ ಒಲೆ ಹೂಡಾಣ."

ಕಾಟಯ್ಯನಿಗೆ ಹೋದ ಜೀವ ಬಂದಂತಾಯಿತು. ಜೀವದ ಜೊತೆಗೆ ಯಜಮಾನಿಕೆಯೂ ಬಂತು. "ಆಗ್ಲಿ. ಆದ್ರೆ ಹೆಂಗೆಂಗೋ ಆಗಬಾರ್ದು. ಸಿಪ್ಪೆ ಅಲ್ಲೇ ಹೂಳಬೇಕು. ತಿಂದೋಳು ಬಾಯಿ ತೊಳ್ಕೊಂಡ್ರೆ ಸಾಕು, ಬಸುರಿ. ಬೇಯಿಸ್ದೋರು ಮಾತ್ರ ತಲೆಮ್ಯಾಲೆ ತಣ್ಣೀರು ಹುಯ್ಕೊಂಡೇ ಒಳಗೆ ಬರಬೇಕು!"

"ಅಷ್ಟು ನೇಮ ನಮ್ಮ ಕೈಲಾಗಲ್ಲಪ್ಪ," ಅಂದಳು ನಾಗಕ್ಕ ಬಲು ವಿನಯದಿಂದ. "ಒಂದು ಚೂರು ಸಿಪ್ಪೆ ಸೆರಗಿಗೆ ಅಂಟಿ ಬಂದ್ರೆ? ಹಟ್ಟೀಲಿ ಅಷ್ಟು ಸ್ಟ್ರಿಕ್ಟಾಗಿರೋರು ನೀವೊಬ್ರೇ. ನೀವೇ ಬೇಯಿಸ್ರಿ."

ಹೊಗಳಿಕೆಯೋ ಹೊಡೆತವೋ ತಿಳಿಯುವಷ್ಟರಲ್ಲಿ ಕಾಟಯ್ಯ ಹೂಂ ಅಂದಾಗಿತ್ತು.

ಮಾರನೆಯ ಬೆಳಗಿನಿಂದ ದೊಡ್ಡ ಪೇಟದ ಯಜಮಾನರು ಹೊಂಗೆ ಮರದ ಕೆಳಗೆ ಒಲೆ ಊದತೊಡಗಿದರು. ಸಿಪ್ಪೆ ಸುಲಿದು, ಉಪ್ಪು ಹಚ್ಚಿ, ಸೊಸೆ ತಿಂದು ಮುಗಿಸುವ ತನಕ ಎದುರಿಗೆ ಕೂರುವರು. ಆಮೇಲೆ ಬೇಲಿಯ ಬಾಗಿಲಲ್ಲಿ ನಾಗಕ್ಕ ಕೊಡ ಹಿಡಿದು ನಿಂತಿರುವಳು. ಮಾಗಿಯ ಚಳಿ. ಹಲ್ಲು ಕಟಕಟ.

"ಲೇ, ಕೈ ತೊಳ್ಕೊಂಡ್ರೆ ಆಗಲ್ವೇನೇ?"

"ಅಯ್ಯೋ! ನಾಳೆ ಜನ ಏನಂದಾರು?" ಅನ್ನುವಷ್ಟರಲ್ಲಿ ಕೊಡ ಖಾಲಿ.

ಚಿತ್ತಮ್ಮನ ಕೆನ್ನೆಗೆ ಬಣ್ಣ ಬಂತು. ಮತ್ತೆ ಹಿರಿಯೂರಿಗೆ ಹೋದಾಗ ಡಾಕ್ಟ್ರಮ್ಮ ನೋಡಿ ಹಿಗ್ಗಿದರು. "ಹೆರಿಗೇಗೆ ಇನ್ನೇನೂ ಭಯ ಇಲ್ಲ. ಭೇಷ್!" ಕಾಟಯ್ಯನ ಕಣ್ಣು ತುಂಬಿ ಬಂತು. ಪಂಚೆಯ ಚುಂಗಿನಿಂದ ಒರೆಸಿಕೊಳ್ಳಬೇಕು, ಅಷ್ಟರಲ್ಲಿ ಒಂದರ ಮೇಲೊಂದು ಸೀನು. ಬೆಂಚು ಅಲ್ಲಾಡುವ ಹಾಗೆ.

ಡಾಕ್ಟ್ರಮ್ಮ ಅವನ ಕಣ್ಣಿನ ರೆಪ್ಪೆಯನ್ನೂ ಎಳೆದು ನೋಡಿದರು. "ಏನ್ರಿ ಯಜಮಾನ್ರೇ, ಸೊಸೆಗಿಂತ ನೀವೇ ಸೋತಿದೀರಲ್ಲ! ನೀವೂ ದಿನಾ ಮೊಟ್ಟೆ ತಿನ್ರಿ."

"ನಂಗೆ ಅದ್ರ ವಾಸನೆ ಆಗಲ್ಲ ತಾಯಿ!"

"ಬರೀರಿ ಡಾಕ್ಟ್ರಮ್ಮ," ಅಂದಳು ನಾಗಕ್ಕ. "ಪಕ್ಕದಾಗೆ ಸ್ಟ್ರಿಕ್ಟಾಗಿ ಅಂತಾನೂ ಬರೀರಿ. ಆ ಮಾತು ಇಲ್ದಿದ್ರೆ ಇವ್ರಿಗೆ ಏನೂ ಗಂಟಲಲ್ಲಿ ಇಳಿಯಲ್ಲ."

ಮರುದಿನ ಹೊಂಗೆ ಮರದ ಕೆಳಗೆ ಚಿತ್ತಮ್ಮ ತನ್ನ ಕೈಯಾರೆ ಸುಲಿದ ಮೊಟ್ಟೆಯನ್ನು ಮಾವನ ಅಂಗೈಯಲ್ಲಿಟ್ಟಳು. ಕಾಟಯ್ಯ ಬೇಲಿಗೆ ಬೆನ್ನು ತಿರುಗಿಸಿ ಕೂತು, ಕಣ್ಣು ಬಿಗಿಯಾಗಿ ಮುಚ್ಚಿ, ಪಿಸುಗುಟ್ಟಿದ:

"ಯಾರಾದ್ರೂ ನೋಡ್ತಾವ್ರೇನೇ?"

"ಒಬ್ರೂ ಬಿಟ್ಟಿಲ್ಲ, ಹಟ್ಟಿಯೋರೆಲ್ಲ ಬಂದು ನಿಂತವ್ರೆ," ಅಂದಳು ನಾಗಕ್ಕ. "ಬೇಗ ನುಂಗ್ರಿ, ಕೊಡ ಹಿಡ್ದು ಕೈ ನೋಯ್ತೈತೆ."