ಅತ್ತೆಯ ಹೃದಯ, ನನ್ನ ಬೆರಳು

ನನ್ನ ಅತ್ತೆ ಶಾಮಲಮ್ಮನವರ ಹೃದಯಕ್ಕೆ ಹೊಸ ಕವಾಟ ಬಂದಿದೆ. ಎದೆ ಕುಯ್ಯದೆ, ತೊಡೆಸಂದಿಯ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸಿ, ಮಡಚಿದ ಕವಾಟವನ್ನು ಹೃದಯದವರೆಗೆ ಕಳಿಸಿ ಅಲ್ಲೇ ಅರಳಿಸಿದ್ದಾರೆ. ಬಿ.ಎಸ್ಸಿ. ಓದಿದ ನನಗೆ ಇದಕ್ಕಿಂತ ಹೆಮ್ಮೆ ಬೇರೇನಿದೆ? ಆದರೆ ಸುಗಟೂರಿನವರು ನಂಬಬೇಕಲ್ಲ!

ನಂಬದವರ ಅಧ್ಯಕ್ಷರು ಪಕ್ಕದ ಮನೆಯ ಕೋದಂಡರಾಮಪ್ಪ. ಅವರದು ಬೈಪಾಸ್. ಕತ್ತಿನ ಬುಡದಿಂದ ಹೊಟ್ಟೆಯವರೆಗೆ ಗಾಯದ ಗುರುತು. (ಯಾರ ಮದುವೆಗೆ ಹೋದರೂ ಊಟಕ್ಕೆ ಮೊದಲು ಅಂಗಿಯ ಗುಂಡಿ ಬಿಚ್ಚುತ್ತಾರೆ.) ಅತ್ತೆಯನ್ನು ನೋಡಲು ಬಂದವರೆಲ್ಲರ ಎದುರೇ ಗುಂಡಿ ಬಿಚ್ಚಿಕೊಂಡು ಕೇಳಿದರು:

“ಏನಮ್ಮಾ, ಎದೇನೇ ಕುಯ್ದಿಲ್ಲ, ಅದೇನ್ ಆಪರೇಷನ್ನು? ಗಾಯ ಎಲ್ಲಿ ತೋರ್ಸು!”

“ತೋರ್ಸೋ ಜಾಗ ಅಲ್ಲಣ್ಣಾ ಅದು,” ಎಂದ ಅತ್ತೆಯ ದನಿ ಸಣ್ಣಗಾಯಿತು. ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಿದ್ದವರು ಯಮನಿಗೆ ಕೈಬೀಸಿ ವಾಪಸಾಗಿದ್ದರು. ಅದಕ್ಕೆ ಸಾಕ್ಷಿಯೇ ಇಲ್ಲ! ನೋಡಲು ಬಂದಿದ್ದ ದೊಡ್ಡಗಂಗಮ್ಮ ತಾವು ತಂದ ಎಳನೀರನ್ನು ಕೊಡುವುದೋ ಬೇಡವೋ ಎಂದು ಮಡಿಲಲ್ಲೇ ಇಟ್ಟುಕೊಂಡರು.

“ರೀ, ಅಮ್ಮನ ಮರ್ಯಾದೆ ಹೋಗ್ತಿದೆ. ಸೈನ್ಸ್ ಓದಿದೀನಿ ಅಂತೀರಲ್ಲ, ಏನಾದ್ರೂ ಮಾಡಿ!” ಎಂದಳು ನನ್ನವಳು, ಶೋಭಾರಾಣಿ.

ಮಾಡಿದೆ. ಹಿಪ್ಪುನೇರಳೆ ತೋಟದ ಡ್ರಿಪ್ ಪೈಪಿನ ತುಂಡು ತಂದೆ, ಅದು ರಕ್ತನಾಳ. ಒತ್ತಿ ಹಿಡಿದ ಸ್ಪಂಜು ಕವಾಟ. ತಂತಿಯಿಂದ ತಳ್ಳಿದೆ. ಆ ತುದಿಯಲ್ಲಿ ಸ್ಪಂಜು ಹೊರಬಂದು ಹೂವಿನಂತೆ ಅರಳಿತು! ಜನ ಬಾಯಿ ಬಿಟ್ಟರು.

“ಇನ್ನೊಂದ್ಸಲ ತೋರ್ಸಪ್ಪಾ,” ಎಂದರು ಕೋದಂಡರಾಮಪ್ಪ, ಒಂದು ಗುಂಡಿ ಹಾಕಿಕೊಳ್ಳುತ್ತಾ.

ಈ ಸಲ ಪೈಪಿನ ಸುರುಳಿಯಿಂದ ಇನ್ನೂ ಉದ್ದದ ತುಂಡು ಕತ್ತರಿಸಲೆಂದು ಗತ್ತಿನಿಂದ ಕುಡುಗೋಲು ಎತ್ತಿದೆ. ಪೈಪಿನ ಬದಲು ಬೆರಳು ಸಿಕ್ಕಿತು. (ರಕ್ತದ ಬಗ್ಗೆ ಬಹಳ ಓದಿದ್ದೇನೆ, ನೋಡಿ ಅಭ್ಯಾಸವಿಲ್ಲ.) ಕಣ್ಣು ಕತ್ತಲಿಟ್ಟಿತು.

ಕಣ್ಣು ಬಿಟ್ಟಾಗ ಅತ್ತೆಯ ಮಂಚದ ಮೇಲೆ ನಾನಿದ್ದೆ. ಎಲ್ಲರಿಗಿಂತ ಮೊದಲು ಎದ್ದು ಬಂದು, ಹಳೇ ಸೀರೆಯ ಅಂಚು ಹರಿದು, ಬೆರಳಿಗೆ ಬದನೆಕಾಯಿ ಗಾತ್ರದ ಕಟ್ಟು ಕಟ್ಟಿದವರು ಅತ್ತೆಯೇ. ಏದುಸಿರಿಲ್ಲ, ಸುಸ್ತಿಲ್ಲ.

“ಅಯ್ಯೋ ದೇವುಡಾ! ಹಾರ್ಟ್ ಆಪರೇಷನ್ ಆದೋಳು ಹಿಂಗೆ ಓಡಾಡ್ತಾಳಲ್ಲ!” ಕೋದಂಡರಾಮಪ್ಪ ಉಳಿದ ಗುಂಡಿಗಳನ್ನೂ ಹಾಕಿಕೊಂಡರು. “ನಂಗೆ ಎದ್ದು ಕೂರೋಕೇ ಎಷ್ಟ್ ದಿನ ಹಿಡೀತು. ನಿಂದೇ ದೊಡ್ ಆಪರೇಷನ್ ಕಣಮ್ಮಾ!”

ಅತ್ತೆಯ ಮುಖ ಬೆಳಗಿತು. ನನ್ನ ವಿಜ್ಞಾನ ಗೆದ್ದಿತ್ತು. ಅಷ್ಟರಲ್ಲಿ ದೊಡ್ಡಗಂಗಮ್ಮ ಮಡಿಲಿನ ಎಳನೀರನ್ನು ತೆಗೆದು ನನ್ನ ಕೈಗಿಟ್ಟರು: “ಪಾಪ, ಅಳಿಯಂದ್ರು ಕುಡೀಲಿ.”

ಈಗಲೂ ಅತ್ತೆಯನ್ನು ನೋಡಲು ಜನ ಬರುತ್ತಾರೆ. ಗಾಯ ಎಲ್ಲಿ ಎಂದು ಯಾರಾದರೂ ಕೇಳಿದರೆ ಅವರು ತಡವರಿಸುವುದಿಲ್ಲ. ಹೆಮ್ಮೆಯಿಂದ ಒಳಗೆ ಕರೆಯುತ್ತಾರೆ:

“ಗಾಯ ನೋಡ್ಬೇಕಾ? ಬನ್ನಿ, ನಮ್ ಅಳಿಯಂದ್ರದ್ದು ಇದೆ!”