ಒಂದು ಕಾರ್ಡಿಗೆ ಒಂದೇ ವಿಷಯ

ಹೊಸೂರಿನಲ್ಲಿ ನಮ್ಮ ಮನೆತನಕ್ಕೆ ನಾಲ್ಕು ತಲೆಮಾರಿನ ಗೌರವವಿದೆ. ನಮ್ಮ ಮುತ್ತಜ್ಜ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದರು. ಯಾವ ವರ್ಷದ ಯಾವ ಕಾಗದ ಕೇಳಿದರೂ ಎದ್ದು ಹೋಗಿ ಒಂದೇ ಸಲಕ್ಕೆ ತೆಗೆದು ತರುತ್ತಿದ್ದರಂತೆ. ತಾತ ಶಾಲಾ ಇನ್ಸ್‌ಪೆಕ್ಟರ್, ತಂದೆಯವರು ಹೈಸ್ಕೂಲಿನ ಹೆಡ್‌ಮಾಸ್ಟರ್. ನನ್ನನ್ನು ಬೆಂಗಳೂರಿನ ಕಾನ್ವೆಂಟಿನಲ್ಲಿ ಬಿಟ್ಟು ಓದಿಸಿದರು. ಅಲ್ಲಿ ಮೇಜಿನ ಮೇಲೆ ಪೆನ್ಸಿಲ್ ಓರೆಯಾಗಿದ್ದರೂ ಸಿಸ್ಟರು ಸ್ಕೇಲು ಎತ್ತುತ್ತಿದ್ದರು. ಆದ್ದರಿಂದ ನಮ್ಮ ಮನೆಯಲ್ಲಿ ಕಾಗದ ಕಳೆದುಹೋಗುವುದಿಲ್ಲ. ಕಳೆದುಹೋಗಿದ್ದರೆ ಬೇರೆಯವರು ಕಳೆದಿರುತ್ತಾರೆ. ಹೀಗಿದ್ದೂ, ನಾನು ಪುಸ್ತಕ ಮಾಡಲು ಕೂತ ಆ ಎರಡು ವರ್ಷ ಒಂದಲ್ಲ ಒಂದು ಫಜೀತಿ ನಮ್ಮ ಮನೆ ಹುಡುಕಿಕೊಂಡು ಬರುತ್ತಲೇ ಇತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಮಹಿಳಾ ಸಮಾಜಕ್ಕೆ ಇಪ್ಪತ್ತೈದು ತುಂಬುವುದಿತ್ತು. ಕನ್ನಡ, ತಮಿಳು, ತೆಲುಗು ಕಲೆತ ಈ ಗಡಿಸೀಮೆಯ ಮನೆಮನೆಯ ಅಡುಗೆ, ಮನೆಮದ್ದು, ಹಾಡು, ಬಾಣಂತನದ ಕ್ರಮ ಎಲ್ಲ ಸೇರಿಸಿ ಒಂದು ದಪ್ಪ ಪುಸ್ತಕ ತರೋಣ ಎಂದು ನಾನು ಹೇಳಿದೆ. ಉಪಾಧ್ಯಕ್ಷೆಯವರಿಗೆ ಅದು ಹಿಡಿಸಲಿಲ್ಲ. ಎಲ್ಲರೂ ಒಳ್ಳೆಯ ಸೀರೆ ಉಟ್ಟು ಗ್ರೂಪ್ ಫೋಟೋ ತೆಗೆಸಿ ಆಲ್ಬಂ ಮಾಡಿಸಬೇಕು ಎಂಬುದು ಅವರ ಆಸೆ. ಕೊನೆಗೆ ತೀರ್ಮಾನವಾದದ್ದು ಇಷ್ಟು: ಅಲ್ಲಿಂದ ಎರಡನೆಯ ಯುಗಾದಿಯೊಳಗೆ ಪುಸ್ತಕ ಅಚ್ಚಾಗಿ ಕೈಗೆ ಬಂದರೆ ಪುಸ್ತಕ, ಇಲ್ಲದಿದ್ದರೆ ಫೋಟೋ. ಸಂಪಾದಕಿ ನಾನು.

ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ, ಅಷ್ಟು ಸಂಭ್ರಮ. ಸಿಸ್ಟರು ಹೇಳಿಕೊಟ್ಟ ಕ್ರಮ ಹಾಗೇ ನೆನಪಿತ್ತು. ಒಂದು ಕಾರ್ಡಿಗೆ ಒಂದೇ ವಿಷಯ. ಮೇಲೆ ಎಡಗಡೆ ತಲೆಬರಹ. ಕೆಳಗೆ ಯಾರು ಹೇಳಿದರು, ಯಾವ ಊರು. ಕಾರ್ಡುಗಳಿಗೆ ಷೂ ಡಬ್ಬಿ, ಡಬ್ಬಿಯೊಳಗೆ ಅಕ್ಷರಕ್ಕೊಂದು ರಟ್ಟು, ದೊಡ್ಡ ಬರಹಗಳಿಗೆ ಫೈಲು. ಡಬ್ಬಿಗೂ ಫೈಲಿಗೂ ವಿಷಯಕ್ಕೊಂದು ಬಣ್ಣ. ಅಡುಗೆಗೆ ಹಳದಿ, ಮದ್ದಿಗೆ ಹಸಿರು, ಹಾಡಿಗೆ ನೀಲಿ, ಬಸುರಿ ಬಾಣಂತಿಗೆ ಗುಲಾಬಿ. ಸಾಲಾಗಿ ಜೋಡಿಸಿ ನಿಂತು ನೋಡಿದಾಗ ಪುಸ್ತಕ ಆಗಲೇ ಅರ್ಧ ಮುಗಿದಂತೆ ಅನಿಸಿತು.

ಪತ್ರಿಕೆಯ ಹಿಂಬದಿ

ಕಾರ್ಡಿಗೆ ರಟ್ಟು ಬೇಕಲ್ಲ. ಮನೆಯಲ್ಲಿ ಮದುವೆ ಪತ್ರಿಕೆಗಳು ರಾಶಿ ಬಿದ್ದಿದ್ದವು. ಗಟ್ಟಿ ರಟ್ಟು, ಒಂದು ಬದಿ ಪೂರ್ತಿ ಖಾಲಿ. ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿ ಆ ಖಾಲಿ ಬದಿಯಲ್ಲಿ ಬರೆಯತೊಡಗಿದೆ.

ಒಂದು ದಿನ ಡೆಂಕಣಿಕೋಟೆಯಿಂದ ದೂರದ ಬಂಧು ಒಬ್ಬರು ಬಂದರು. ಮೂರು ತಿಂಗಳ ಹಿಂದಷ್ಟೇ ಮಗಳ ಮದುವೆ ಮಾಡಿದವರು. ನಾನು ಕಾಫಿ ತರುವಷ್ಟರಲ್ಲಿ ಹಸಿರು ಡಬ್ಬಿಯಿಂದ ಒಂದು ಕಾರ್ಡು ತೆಗೆದು ಹಿಂದೆ ಮುಂದೆ ತಿರುಗಿಸುತ್ತಿದ್ದರು. ಮುಖ ಕೆಂಪಾಗಿತ್ತು.

"ಅಲ್ಲ ಕಣಕ್ಕ, ಇದು ನಮ್ಮ ಹುಡುಗಿ ಮದ್ವೆ ಪತ್ರಿಕೆ! ಈ ಕಡೆ ನೋಡಿದ್ರೆ ಚಿರಂಜೀವಿ ಸೌಭಾಗ್ಯವತಿ ಅಂತಿದೆ, ಆ ಕಡೆ ಭೇದಿ ನಿಲ್ಲಲು ಅಂತ ಬರ್ದಿದ್ದೀರಲ್ಲ!"

"ಕೋಪ ಮಾಡಿಕೋಬೇಡಿ," ಎಂದೆ. "ಮದ್ದನ್ನು ಬೇರೆ ಕಾರ್ಡಿಗೆ ಬರೀತೀನಿ. ಇದರ ಮೇಲೆ ಬಿಳಿ ಕಾಗದ ಅಂಟಿಸಿ ನಿಮ್ಮ ಮಗಳನ್ನ ಒಳ್ಳೆ ಡಬ್ಬಿಗೆ ಹಾಕ್ತೀನಿ."

"ಯಾವ ಡಬ್ಬಿಗೆ?"

"ಗುಲಾಬಿ ಡಬ್ಬಿಗೆ. ಬಸುರಿ ಬಾಣಂತಿ."

ಅವರ ಬಾಯಿ ತೆರೆದುಕೊಂಡಿತು. ಕಾರ್ಡು ಕೈಯಿಂದ ಜಾರಿತು. ಮೆಲ್ಲಗೆ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದರು: "ಅಯ್ಯೋ ಅಕ್ಕ, ನಾವಿನ್ನೂ ಯಾರಿಗೂ ಹೇಳೇ ಇಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?"

ನೋಡಿ, ನೋಡಿ, ನೋಡಿ

ಈ ಕ್ರಮದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 'ನೋಡಿ' ಕಾರ್ಡು. ಹುರುಳಿಯ ವಿಷಯ ಬಸ್ಸಾರಿನ ಕಾರ್ಡಿನಲ್ಲಿದ್ದರೆ, ಹುರುಳಿಯ ಜಾಗದಲ್ಲಿ 'ಹುರುಳಿ: ನೋಡಿ, ಬಸ್ಸಾರು' ಎಂದು ಒಂದು ಚೀಟಿ ಇಟ್ಟರೆ ಮುಗಿಯಿತು. ಎಷ್ಟು ಸೊಗಸು! ಆ ಉತ್ಸಾಹದಲ್ಲಿ ಮನೆಯ ಸಾಮಾನಿಗೂ ಮೇಜಿನ ಮೇಲೆ ಬೇರೆ ಡಬ್ಬಿ ಇಟ್ಟು ಅದನ್ನೇ ಶುರು ಮಾಡಿದೆ.

ಪುಸ್ತಕದ ಡಬ್ಬಿಗಳೆಲ್ಲ ಮರದ ಬೀರುವಿನಲ್ಲಿದ್ದವು. ಅದಕ್ಕೆ ಒತ್ತಿದರೆ ತಾನೇ ಬಿದ್ದುಕೊಳ್ಳುವ ಬೀಗ. ಒಂದು ಮಧ್ಯಾಹ್ನ ಸಮಾಜದ ಕಾರ್ಯದರ್ಶಿ ಹಾಡುಗಳನ್ನು ನಕಲು ಮಾಡಲು ಬರುವವಳಿದ್ದಳು. ನಾನು ಪೂಜೆಯಲ್ಲಿದ್ದೆ. "ಬೀಗದ ಕೈ ಎಲ್ಲಿ?" ಎಂದು ನಮ್ಮ ಯಜಮಾನರು ಕೂಗಿದರು.

"ಮೇಜಿನ ಮೇಲಿನ ಡಬ್ಬೀಲಿ ಕಾರ್ಡು ನೋಡಿ!"

ಕಾರ್ಡಿನಲ್ಲಿ 'ನೋಡಿ, ಉಪ್ಪಿನ ಜಾಡಿ' ಎಂದಿತ್ತು. ಜಾಡಿಯ ಕೆಳಗಿನ ಚೀಟಿಯಲ್ಲಿ 'ನೋಡಿ, ದೇವರ ಗೂಡು'. ಅವರು ನನ್ನ ಪಕ್ಕಕ್ಕೇ ಬಂದು, ದೇವರಿಗೆ ಕೈ ಮುಗಿದು, ಗೂಡಿನಲ್ಲಿ ತಡಕಿದರು. ಅಲ್ಲಿ 'ನೋಡಿ, ಹೊಲಿಗೆ ಡಬ್ಬಿ'. ಹೊಲಿಗೆ ಡಬ್ಬಿಯನ್ನು ನಾನು ಹಿಂದಿನ ದಿನವೇ ಬೀರುವಿನೊಳಗೆ ಇಟ್ಟು ಬೀಗ ಒತ್ತಿದ್ದೆ.

ಬೀಗ ರಿಪೇರಿಯವನನ್ನು ಕರೆಸಬೇಕಾಯಿತು. "ಏನೇ, ಸಿಸ್ಟರು ಇದನ್ನೇ ಹೇಳಿಕೊಟ್ರಾ?" ಎಂದು ಅವರು ರಿಪೇರಿಯವನ ಎದುರಿಗೇ ಕೇಳಿದರು. ಬಾಗಿಲು ತೆರೆದೊಡನೆ ನಾನು ಹೊಲಿಗೆ ಡಬ್ಬಿ ತೆಗೆದು ಅವರ ಮುಂದೆ ಹಿಡಿದೆ. ಬೀಗದ ಕೈ ನಾನು ಬರೆದಿಟ್ಟ ಜಾಗದಲ್ಲೇ ಇತ್ತು.

ಅಂಚೆಟ್ಟಿಯ ಅಜ್ಜಿ

ಅಂಚೆಟ್ಟಿ ಕಡೆಯ ಒಂದು ಹಳ್ಳಿಯಲ್ಲಿ ಕೆಮ್ಮಿಗೆ ಮದ್ದು ಗೊತ್ತಿರುವ ಅಜ್ಜಿ ಇದ್ದಾಳೆ ಎಂದು ತಿಳಿದು ಹೋದೆ. ಬಸ್ಸಿಳಿದು ಒಂದು ಗಂಟೆ ನಡಿಗೆ. ಅಜ್ಜಿ ಕಾಲ ಮೇಲೆ ಮೊಮ್ಮಗುವನ್ನು ಹಾಕಿಕೊಂಡು ತೂಗುತ್ತಿದ್ದಳು. ಅಂಗಳದಲ್ಲಿ ಅವರೆ ಒಣಗಹಾಕಿತ್ತು. ಅದಕ್ಕೆ ಬಾಯಿ ಹಾಕಲು ಒಂದು ಮೇಕೆ ಸುತ್ತು ಹೊಡೆಯುತ್ತಿತ್ತು.

"ಕೆಮ್ಮಿಗಾ? ದೊಡ್ಡಪತ್ರೆ ಬಾಡ್ಸಿ ಇಂಡ್ಬುಡು... ಜೋ ಜೋ ನನ್ ಕೂಸೇ... ಏಯ್, ಅತ್ಲಾಗ್ ಹೋಗು, ಕಾಲ್ ಮುರ್ದು ಒಲೆಗಿಕ್ತೀನಿ... ಎಲ್ಡ್ ತೊಟ್ಟು ಜೇನು ಹಾಕವ್ವ..."

ಮದ್ದಿಗೆ ಒಂದು ಕಾರ್ಡು, ಜೋಗುಳಕ್ಕೆ ಒಂದು ಕಾರ್ಡು ತೆಗೆದುಕೊಂಡಿದ್ದೆ. ಅವಳು ಒಂದೇ ಉಸಿರಿನಲ್ಲಿ ಮೂರನ್ನೂ ಹೇಳುತ್ತಿದ್ದಳು. ನನ್ನ ಕೈ ಆ ಕಾರ್ಡಿನಿಂದ ಈ ಕಾರ್ಡಿಗೆ ಹಾರಿ ಹಾರಿ ಸೋತಿತು. ಹೇಳಿದವರಿಗೆ ಓದಿ ತೋರಿಸಿ ಒಪ್ಪಿಗೆ ಪಡೆಯುವುದು ನನ್ನ ನಿಯಮ. ಗಂಟಲು ಸರಿಮಾಡಿಕೊಂಡು ಓದಿದೆ:

"ಕೆಮ್ಮಿಗೆ. ದೊಡ್ಡಪತ್ರೆ ಬಾಡಿಸಿ ಹಿಂಡಿ, ಎರಡು ತೊಟ್ಟು ಜೇನು ಬೆರೆಸಿ, ಕಾಲು ಮುರಿದು ಒಲೆಗೆ ಇಕ್ಕಿ..." ಎಂದು ಅಲ್ಲೇ ನಿಂತೆ. "ಅಜ್ಜಿ, ಇದು ಮೇಕೆಗೆ ಹೇಳಿದ್ದಲ್ವಾ? ಹೊಡೆದುಹಾಕ್ತೀನಿ."

"ಬ್ಯಾಡ ಬ್ಯಾಡ, ಇರ್ಲಿ ಬುಡವ್ವ," ಎಂದಳು ಅಜ್ಜಿ. "ಕಾಲ್ ಮುರೀತೀನಿ ಅನ್ನದೇ ಇದ್ರೆ ಯಾವ್ ಮಗ ಮದ್ದು ಕುಡೀತದೆ?"

ಹ ಖಾಲಿ

ಎರಡನೆಯ ಯುಗಾದಿಗೆ ಇನ್ನು ಎರಡು ತಿಂಗಳಿತ್ತು. ಅಡುಗೆ ಡಬ್ಬಿಯ ಕಾರ್ಡುಗಳನ್ನು ಅಕಾರಾದಿಯಾಗಿ ಜೋಡಿಸಿಕೊಡುತ್ತೇನೆ ಎಂದು ಕಾರ್ಯದರ್ಶಿ ಒಂದು ವಾರ ಮನೆಗೆ ತೆಗೆದುಕೊಂಡು ಹೋದಳು. ಒಳ್ಳೆಯ ಹುಡುಗಿ. ಮನೆಮಾತು ಕನ್ನಡ, ಓದಿದ್ದು ಪೂರ್ತಿ ತಮಿಳು ಶಾಲೆಯಲ್ಲಿ. ಡಬ್ಬಿ ವಾಪಸು ಬಂದ ದಿನ ಆಸೆಯಿಂದ ಮುಚ್ಚಳ ತೆಗೆದೆ. 'ಹ' ರಟ್ಟಿನ ಹಿಂದೆ ಒಂದು ಕಾರ್ಡೂ ಇರಲಿಲ್ಲ! ಹಾಲುಬಾಯಿ, ಹಾಗಲಕಾಯಿ, ಹೋಳಿಗೆ, ಎಲ್ಲ ಮಾಯ. ಕೂಡಲೇ ಅವಳನ್ನು ಕರೆಸಿದೆ.

"ಎಲ್ಲಾ ಇದೆ ಅಕ್ಕಾ! ಹಾಲು ಅಂದ್ರೆ ತಮಿಳಲ್ಲಿ ಪಾಲ್ ತಾನೆ? ಹಾಗಲಕಾಯಿ ಪಾಗಕ್ಕಾಯ್. ಎಲ್ಲಾ 'ಪ' ಹಿಂದೆ ಇಟ್ಟಿದ್ದೀನಿ. ಒಂದೇ ಸಾಮಾನಿಗೆ ಎರಡು ಜಾಗ ಯಾಕೆ ಅಂತ."

"ಹೋಳಿಗೆ?"

"ಪೋಳಿ. ಪ."

"ಹೆಸರುಬೇಳೆ?"

"ಪಾಸಿಪ್ಪರುಪ್ಪು. ಪ."

"ಹಪ್ಪಳ?" ನನ್ನ ದನಿ ಏರಿತು. "ಅದನ್ನೂ ಪಪ್ಪಳ ಮಾಡಿದೆಯಾ?"

"ಛೇ, ಇಲ್ಲಕ್ಕಾ. ಅದು ಅಪ್ಪಳಂ. 'ಅ' ಹತ್ರ ಇದೆ."

"ರಾಗಿಹಿಟ್ಟಿನ ಬಗ್ಗೆ ಹದಿನಾಲ್ಕು ಕಾರ್ಡಿತ್ತಲ್ಲ, ಹಿಟ್ಟು ಅಂತ ತಲೆಬರಹ ಕೊಟ್ಟಿದ್ದೆ, ಅದೆಲ್ಲಿ?"

"ಹಿಟ್ಟು ಅಂದ್ರೆ ತಮಿಳಲ್ಲಿ ಮಾವು. 'ಮ' ಹತ್ರ, ಮಾವಿನಕಾಯಿ ಉಪ್ಪಿನಕಾಯಿ ಜೊತೆ ಇಟ್ಟಿದ್ದೀನಿ."

ಮತ್ತೆ ಜೋಡಿಸಲು ಇಬ್ಬರಿಗೂ ಮೂರು ದಿನ ಹಿಡಿಯಿತು. ಮೂರನೆಯ ದಿನ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, "ಆದದ್ದಾಯ್ತು, ಹೋಗಲಿ ಬಿಡಿ ಅಕ್ಕಾ," ಎಂದಳು.

"ಅದನ್ನು ಯಾವ ಅಕ್ಷರದ ಹಿಂದೆ ಇಡಲಿ?" ಎಂದೆ.

ಕೃಷ್ಣಗಿರಿಯಿಂದ ಬಂದ ಪ್ರೂಫು

ಹಸ್ತಪ್ರತಿ ಸಿದ್ಧವಾಯಿತು. ಅದನ್ನು ಕೃಷ್ಣಗಿರಿಯ ಒಂದು ಅಚ್ಚುಕೂಟಕ್ಕೆ ಕೊಟ್ಟೆವು. ಹೆಚ್ಚಿನದು ತಮಿಳು ಕೆಲಸ, ಸ್ವಲ್ಪ ಕನ್ನಡ ಅಚ್ಚೂ ಇತ್ತು. ಉಪಾಧ್ಯಕ್ಷೆಯವರ ತಮ್ಮನ ಮನೆ ಅಲ್ಲೇ ಇದ್ದುದರಿಂದ, ನಡುನಡುವೆ ಹೋಗಿ ನೋಡಿಕೊಂಡು ಬರುವ ಹೊಣೆಯನ್ನು ಅವರೇ ವಹಿಸಿಕೊಂಡರು. ಯುಗಾದಿಗೆ ಹತ್ತು ದಿನ ಇರುವಾಗ ಅಡುಗೆ ಭಾಗದ ಪ್ರೂಫು ಬಂತು. ಸಮಾಜದ ಸಭೆಯಲ್ಲಿ ಮೂವತ್ತು ಜನ ಹೆಂಗಸರ ಮುಂದೆ ಉಪಾಧ್ಯಕ್ಷೆಯವರೇ ಎದ್ದು ಓದಿದರು. ವಿಷಯ ನುಗ್ಗೆಕಾಯಿ ಹುಳಿ.

"ಮೊದಲು ಹುಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಚೆನ್ನಾಗಿ ಹಿಂಡಿಕೊಳ್ಳಿ."

ಒಬ್ಬರು ಕಿಸಕ್ಕೆಂದರು. ಉಪಾಧ್ಯಕ್ಷೆಯವರು ಏಕೆಂದು ತಿಳಿಯದೆ ಮುಂದುವರಿಸಿದರು.

"ಹುಲಿ ಹೆಚ್ಚಾಯಿತೆನಿಸಿದರೆ ಚೂರು ಬೆಲ್ಲ ಹಾಕಿ. ಹೇಳದೆ ಕೇಳದೆ ನೆಂಟರು ಬಂದರೆ ಹುಲಿಗೆ ಎರಡು ಲೋಟ ನೀರು ಬೆರೆಸಿ. ಮಿಕ್ಕ ಹುಲಿಯನ್ನು ಮುಚ್ಚಿಟ್ಟರೆ ಮರುದಿನ ಇನ್ನೂ ರುಚಿ."

ಸಭೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಖಜಾಂಚಿಯಮ್ಮನಿಗೆ ನೀರು ಕುಡಿಸಬೇಕಾಯಿತು. ಯಾರೋ ಕಿವಿಯಲ್ಲಿ ಹೇಳಿದ ಮೇಲೆ ಉಪಾಧ್ಯಕ್ಷೆಯವರಿಗೂ ಅರ್ಥವಾಯಿತು. ತಕ್ಷಣ ನನ್ನ ಕಡೆ ತಿರುಗಿದರು. "ಇದೇನಾ ರೀ ಕಾನ್ವೆಂಟ್ ಕ್ರಮ? ಎರಡು ವರ್ಷ ಕಾರ್ಡು ಕಾರ್ಡು ಅಂತ ಕುಣಿದು ಕೊನೆಗೆ ಹುಲಿ ಹಿಂಡಿದ್ರಾ? ಸುಮ್ಮನೆ ಫೋಟೋ ತೆಗೆಸೋಣ, ಅದರಲ್ಲಿ ಕಾಗುಣಿತ ಇರಲ್ಲ."

ನಾನು ನೇರ ಮನೆಗೆ ಬಂದು ಡಬ್ಬಿ ತೆರೆದೆ. ಹುಳಿಯ ಕಾರ್ಡುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲದರಲ್ಲೂ ಗುಂಡಗೆ, ಸ್ಪಷ್ಟವಾಗಿ, 'ಳಿ'! ಬೆಳಿಗ್ಗೆ ಮೊದಲ ಬಸ್ಸಿಗೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೃಷ್ಣಗಿರಿಗೆ ಹೊರಟೆ.

ಅಚ್ಚು ಜೋಡಿಸುವವರು ವಯಸ್ಸಾದ ತಮಿಳರು, ಕನ್ನಡ ಚೆನ್ನಾಗಿ ಬಲ್ಲವರು. ನನ್ನ ಕಾರ್ಡು ನೋಡಿ ತಲೆ ಚಚ್ಚಿಕೊಂಡರು. "ಅಮ್ಮಾ, ನಾನು ಮೊದಲು ಸರಿಯಾಗೇ 'ಳಿ' ಜೋಡ್ಸಿದ್ದೆ. ನಿಮ್ಮ ಸಮಾಜದ ಆ ಅಮ್ಮ ಬಂದು ಎಲ್ಲಾ ತಿದ್ದಿದ್ರು. 'ಪುಲುಸು ಅಂದ್ರೆ ಲ ತಾನೆ, ಲ ಹಾಕಪ್ಪಾ' ಅಂದ್ರು. 'ಅಮ್ಮಾ, ಲ ಪೋಟ್ಟಾ ಪುಲಿಮ್ಮಾ, ಲ ಹಾಕಿದ್ರೆ ಹುಲಿ ಆಗುತ್ತೆ, ಕಚ್ಚುತ್ತೆ' ಅಂದೆ. 'ನನಗೆ ಅಡುಗೆ ಹೇಳಿಕೊಡೋಕೆ ಬಂದ್ಯಾ' ಅಂತ ಬೈದುಬಿಟ್ರು."

ಉಪಾಧ್ಯಕ್ಷೆಯವರ ಮನೆಮಾತು ತೆಲುಗು. ಹುಳಿಗೆ ತೆಲುಗಿನವರು ಪುಲುಸು ಅನ್ನುತ್ತಾರೆ, ಅದಕ್ಕೆ 'ಲ' ಸರಿ. ಆ ನ್ಯಾಯವನ್ನು ನಮ್ಮ ಹುಳಿಗೂ ಕೊಟ್ಟಿದ್ದರು. ತಿದ್ದಿದ ಹಾಳೆಗಳನ್ನು ಆತ ಮೊಳೆಗೆ ಸಿಕ್ಕಿಸಿ ಇಟ್ಟಿದ್ದರು. ನಲವತ್ತೊಂದು ಕಡೆ ಕೆಂಪು ಶಾಯಿ, ನಲವತ್ತೊಂದು ಹುಲಿ! ನನಗಾದ ಆನಂದವನ್ನು ಹೇಗೆ ಹೇಳಲಿ? ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತೆ. ಅವರಲ್ಲಿ ಸೀಸದ 'ಳಿ' ಅಚ್ಚುಮೊಳೆ ಇದ್ದದ್ದು ಕೆಲವೇ. ಎರಡು ಪುಟ ಅಚ್ಚು ಮಾಡುವುದು, ಅಚ್ಚು ಬಿಚ್ಚುವುದು, ಅದೇ 'ಳಿ'ಗಳನ್ನು ಮುಂದಿನ ಪುಟಕ್ಕೆ ಹಾಕುವುದು. ನಾಲ್ಕು ದಿನ ಬೆಳಿಗ್ಗೆ ಹೋಗಿ ಸಂಜೆ ಬಂದೆ. ಯುಗಾದಿಗೆ ಎರಡು ದಿನ ಮುಂಚೆ, ಇನ್ನೂ ಅಂಟಿನ ವಾಸನೆ ಹೋಗದ ದಪ್ಪ ಪುಸ್ತಕ ನನ್ನ ಕೈಯಲ್ಲಿತ್ತು.

ನಲವತ್ತು ಹುಲಿಗಳು ಹುಳಿಯಾದವು. ಒಂದೇ ಒಂದನ್ನು ಹಾಗೇ ಬಿಟ್ಟೆ. ಅದು ಉಪಾಧ್ಯಕ್ಷೆಯವರೇ ಬರೆದುಕೊಟ್ಟ 'ನಮ್ಮ ಅತ್ತೆಯವರ ಕುಂಬಳಕಾಯಿ ಹುಲಿ'. ಲೇಖಕಿ ತಾವೇ ಕೈಯಾರೆ ತಿದ್ದಿದ್ದಕ್ಕೆ ಸಂಪಾದಕಿ ಅಡ್ಡ ಬರಬಾರದು.

ಇದೆಲ್ಲ ಆಗಿ ಐದು ವರ್ಷವಾಯಿತು. ಕೆಂಪು ಶಾಯಿಯ ಹಾಳೆಗಳು ನನ್ನ ಬಳಿ ಇವೆ. ಯಾರು ಬೇಕಾದರೂ ಬಂದು ನೋಡಬಹುದು. ನನ್ನ ಕ್ರಮವನ್ನು ಮೂವತ್ತು ಜನರ ಮುಂದೆ ಹೀಯಾಳಿಸಲಾಯಿತು. ಉಪಾಧ್ಯಕ್ಷೆಯವರು ಅಷ್ಟೇ ಜನರ ಮುಂದೆ ಎದ್ದು ನಿಂತು ನನ್ನ ಕ್ಷಮೆ ಕೇಳಬೇಕು.